ಹಠಯೋಗದಲ್ಲಿ ಕಲ್ಪನೆ ಮತ್ತು ಅರಿವು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಾಸ್ ಮುಗಿದು ಮ್ಯಾಟ್ ಸುತ್ತುವಾಗ, ಫೋನಲ್ಲಿ, ಮೆಸೇಜಲ್ಲಿ, ಒಬ್ರಿಬ್ರು ಪತ್ರ ಬರೆದು ಕೂಡ ಕೇಳಿದ್ದನ್ನ ಇಲ್ಲಿ ಒಟ್ಟು ಹಾಕಿದೀನಿ. ಪ್ರಶ್ನೆಗಳನ್ನ ಕೇಳಿದವರ ಮಾತಲ್ಲೇ ಬಿಟ್ಟಿದೀನಿ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ಎರಡೇ ಸಾಲು. ಹೊಸಬರು ಮೇಲಿಂದ ಓದಿ, ಹಳಬರು ಸೀದಾ ಕೊನೆ ಭಾಗಕ್ಕೆ ಹೋದ್ರೂ ನಡೆಯುತ್ತೆ.

## ಶುರುವಿನವು

ಯೋಗ ಅಂದ್ರೆ ಮೈ ಬಗ್ಗಿಸೋದು ತಾನೆ, ಇದರಲ್ಲಿ ಕಲ್ಪನೆ ಎಲ್ಲಿಂದ ಬಂತು?

ನಿಮಗೆ ಗೊತ್ತಿಲ್ಲದೇನೇ ದಿನಾ ಮಾಡ್ತಿದೀರ. "ನೆತ್ತಿಗೆ ದಾರ ಕಟ್ಟಿ ಯಾರೋ ಮೇಲಕ್ಕೆ ಎಳೀತಿದಾರೆ ಅನ್ಕೊಳ್ಳಿ" ಅಂದ ತಕ್ಷಣ ಕತ್ತಿನ ಹಿಂಭಾಗ ಉದ್ದ ಆಗುತ್ತೆ, ಗದ್ದ ತಾನಾಗೇ ಸ್ವಲ್ಪ ಒಳಗೆ ಬರುತ್ತೆ. ದಾರಾನೂ ಇಲ್ಲ, ಎಳೆಯೋರೂ ಇಲ್ಲ. ಅದರ ಬದಲು "ಕತ್ತಿನ ಮುಂಭಾಗದ ಒಳಸ್ನಾಯು ಬಿಗಿ ಮಾಡಿ, ಹಿಂದಿನದು ಸಡಿಲ ಬಿಡಿ" ಅಂದಿದ್ರೆ ಅರ್ಧ ಜನ ಮುಖ ಗಂಟು ಹಾಕ್ಕೊಂಡು ನಿಲ್ತಿದ್ರು ಅಷ್ಟೆ. ಮಿದುಳಿಗೆ ಚಲನೆಯ ಭಾಷೆ ಗೊತ್ತು, ಸ್ನಾಯುಗಳ ಹೆಸರು ಗೊತ್ತಿಲ್ಲ. ಲೋಟ ಎತ್ತು ಅಂದ್ರೆ ಎತ್ತುತ್ತೆ, ಬೈಸೆಪ್ಸ್ ಇಷ್ಟು ಎಳಿ ಅಂದ್ರೆ ತಬ್ಬಿಬ್ಬಾಗುತ್ತೆ.

ಇದು ಈಗಿನ ಟೀಚರ್‌ಗಳು ಕಂಡುಹಿಡಿದ ಟ್ರಿಕ್ಕೂ ಅಲ್ಲ. ಪತಂಜಲಿ ಯೋಗಸೂತ್ರದಲ್ಲಿ ಆಸನದ ಬಗ್ಗೇನೇ ಇರೋದು ಮೂರು ಸೂತ್ರ, 2.46ರಿಂದ 2.48. ಮೊದಲನೇದು ಎಲ್ರಿಗೂ ಬಾಯಿಪಾಠ, "ಸ್ಥಿರಸುಖಮಾಸನಂ", ಆಸನ ಸ್ಥಿರವಾಗಿ, ಸುಖವಾಗಿ ಇರ್ಬೇಕು ಅಂತ. ಎರಡನೇದನ್ನ ನೆನೆಸೋರು ಕಮ್ಮಿ: ಪ್ರಯತ್ನ ಸಡಿಲ ಆದಾಗ, ಮನಸ್ಸು ಅನಂತದಲ್ಲಿ ನೆಲೆಸಿದಾಗ ಆಸನ ಸಿದ್ಧಿಸುತ್ತೆ ಅಂತ. ಅನಂತ ಅಂದ್ರೆ ಕೊನೆ ಇಲ್ಲದ್ದು ಅಂತ ಒಂದು ಅರ್ಥ. ಭೂಮೀನ ಹೊತ್ಕೊಂಡೂ ಅಲ್ಲಾಡದ ಆದಿಶೇಷ ಅಂತ ಹಳೇ ವ್ಯಾಖ್ಯಾನಕಾರ ವಾಚಸ್ಪತಿ ಮಿಶ್ರರು ಕೊಡೋ ಅರ್ಥ. ಹೆಡೆ ಮೇಲೆ ಭೂಮಿ ಇಟ್ಕೊಂಡು ಆರಾಮಾಗಿರೋ ಹಾವನ್ನ ಮನಸ್ಸಿಗೆ ತಂದ್ಕೊಂಡು ಕೂತು ನೋಡಿ, ಕೂರೋ ರೀತೀನೇ ಬದಲಾಗುತ್ತೆ.

"ಅರಿವಿಟ್ಟು ಮಾಡಿ" ಅಂತ ದಿನಾ ಹೇಳ್ತಾರೆ, ನಾನು ಎಚ್ಚರವಾಗೇ ಇದೀನಲ್ಲ, ಇನ್ನೇನು ಮಾಡ್ಬೇಕು?

ಗೋಡೆ ಪಕ್ಕ ತಾಡಾಸನದಲ್ಲಿ ನಿಂತ್ಕೊಳ್ಳಿ, ಪಾದ ಜೋಡಿಸಿ, ಕಣ್ಮುಚ್ಚಿ. ಮೊದಲು ಅಲ್ಲಾಡದೆ ನಿಂತಿದೀನಿ ಅನ್ಸುತ್ತೆ. ಹತ್ತು ಉಸಿರು ಕಾಯಿರಿ. ಭಾರ ಹಿಮ್ಮಡಿಗೆ ಹೋಗುತ್ತೆ, ಹೆಬ್ಬೆರಳು ನೆಲ ಒತ್ತಿ ಅದನ್ನ ವಾಪಸ್ ತರುತ್ತೆ, ಆಮೇಲೆ ಪಾದದ ಹೊರ ಅಂಚಿಗೆ, ಅಲ್ಲಿಂದ ಒಳಕ್ಕೆ, ಕಣಕಾಲು ಒಂದು ಕ್ಷಣಾನೂ ಸುಮ್ಮನಿರಲ್ಲ. ನೀವು ಇದನ್ನೆಲ್ಲ ಮಾಡಿಸ್ತಿಲ್ಲ, ನಿಂತಾಗೆಲ್ಲ ಅದು ಹಾಗೇ ನಡೀತಾ ಇರುತ್ತೆ, ನೀವು ಇವತ್ತು ನೋಡಿದ್ರಿ ಅಷ್ಟೆ. ಅರಿವಿಟ್ಟು ಮಾಡಿ ಅಂದ್ರೆ ಇಷ್ಟೇ.

ಸ್ನಾಯು, ಸ್ನಾಯುರಜ್ಜು, ಕೀಲು, ಇವೆಲ್ಲದರ ಒಳಗೆ ಎಳೆತ ಮತ್ತು ಒತ್ತಡ ಅಳೆಯೋ ಪುಟ್ಟ ಪುಟ್ಟ ಸಂವೇದಕಗಳಿವೆ. ಕೈಕಾಲು ಎಲ್ಲಿದೆ ಅಂತ ಕಣ್ಣಿಲ್ಲದೇನೂ ತಿಳಿಯೋ ಈ ಸಾಮರ್ಥ್ಯಕ್ಕೆ ಚಾರ್ಲ್ಸ್ ಶೆರಿಂಗ್ಟನ್ ಅನ್ನೋ ಶರೀರಶಾಸ್ತ್ರಜ್ಞ 1906ರಲ್ಲಿ ಪ್ರೊಪ್ರಿಯೊಸೆಪ್ಷನ್ ಅಂತ ಹೆಸರಿಟ್ಟರು. ಕಣ್ಣು ಕಿವಿ ಥರ ಹೊರಗೆ ಕಾಣೋ ಅಂಗ ಇದಕ್ಕಿಲ್ಲ, ಅದಕ್ಕೇ ಇದೆ ಅನ್ನೋದೇ ನಮಗೆ ಮರೆತುಹೋಗಿರುತ್ತೆ.

ಹಾಗಾದ್ರೆ ಕಲ್ಪನೆ ಬೇರೆ, ಅರಿವು ಬೇರೆನಾ? ನಂಗೆ ಎರಡೂ ಒಂದೇ ಥರ ಅನ್ಸುತ್ತೆ

ಬೇರೆ, ಮತ್ತೆ ಈ ಪೇಜ್‌ನಲ್ಲಿ ನಾನು ಮುಖ್ಯವಾಗಿ ಹೇಳೋದು ಇದನ್ನೇ. ಕಲ್ಪನೆ ಅಂದ್ರೆ ನೀವು ಮೈಗೆ ಕೇಳೋ ಪ್ರಶ್ನೆ. ಅರಿವು ಅಂದ್ರೆ ಮೈ ಕೊಟ್ಟ ಉತ್ತರ ಕೇಳಿಸ್ಕೊಳ್ಳೋದು. ಕಾಲು ಅಗಲಿಸಿ ಪಕ್ಕಕ್ಕೆ ಬಗ್ಗೋ ತ್ರಿಕೋಣಾಸನದಲ್ಲಿ ಹಿಂದಿನ ಪಾದದ ಹೊರ ಅಂಚಿನ ಕೆಳಗೆ ಒಂದು ಹಾಳೆ ಇದೆ, ಯಾರೋ ಅದನ್ನ ಎಳ್ಕೊಳ್ಳೋಕೆ ನೋಡ್ತಿದಾರೆ, ಬಿಡ್ಬಾರದು ಅಂತ ಅನ್ಕೊಳ್ಳಿ. ಇದು ಪ್ರಶ್ನೆ. ತಕ್ಷಣ ಅಂಚು ನೆಲಕ್ಕೆ ಒತ್ತುತ್ತೆ, ಮಂಡಿ ಚಿಪ್ಪು ಮೇಲೇರುತ್ತೆ, ಸೊಂಟದ ಆ ಕಡೆ ಸ್ವಲ್ಪ ತೆರ್ಕೊಳ್ಳುತ್ತೆ. ಇದು ಉತ್ತರ. ಉತ್ತರ ಬಂದ್ಮೇಲೂ ಹಾಳೆ ಯಾವ ಬಣ್ಣ, ಎಳೀತಿರೋರು ಯಾರು ಅಂತ ಕಥೆ ಮುಂದುವರ್ಸಿದ್ರೆ ಆಸನ ಕೈ ತಪ್ಪಿತು ಅಂತಾನೇ ಅರ್ಥ.

ಪತಂಜಲಿ ಹೇಳೋ ಐದು ಚಿತ್ತವೃತ್ತಿಗಳಲ್ಲಿ, ಅಂದ್ರೆ ಮನಸ್ಸಿನ ಓಡಾಟಗಳಲ್ಲಿ, ವಿಕಲ್ಪ ಅಂತ ಒಂದಿದೆ, ಬರೀ ಮಾತಿನ ಬೆನ್ನು ಹಿಡಿದು ಹುಟ್ಟೋ, ಕೆಳಗೆ ವಸ್ತುವೇ ಇಲ್ಲದ ತಿಳಿವು, ಮೊಲದ ಕೊಂಬಿನ ಥರದ್ದು. ಉತ್ತರಕ್ಕೆ ಕಾಯದ ಕಲ್ಪನೆ ಅಲ್ಲಿಗೇ ಹೋಗಿ ಸೇರುತ್ತೆ.

ಕಣ್ಮುಚ್ಚಿದ್ರೆ ನಂಗೆ ಬರೀ ಕತ್ಲೆ, ಕಮಲಾನೂ ಕಾಣಲ್ಲ ದೀಪಾನೂ ಕಾಣಲ್ಲ, ನನ್ನಲ್ಲಿ ಏನೋ ಕೊರತೆ ಇದ್ಯಾ?

ಇಲ್ಲ. ಮನಸ್ಸಲ್ಲಿ ಚಿತ್ರವೇ ಮೂಡದಿರೋರು ಇದಾರೆ, ಇದಕ್ಕೆ 2015ರಲ್ಲಿ ಆಡಮ್ ಝೀಮನ್ ಅನ್ನೋ ನರವಿಜ್ಞಾನಿ ಮತ್ತು ಜೊತೆಗಾರರು ಅಫ್ಯಾಂಟೇಸಿಯಾ ಅಂತ ಹೆಸರು ಕೊಟ್ರು. ಅದು ಕಾಯಿಲೆ ಅಲ್ಲ. ಕಲ್ಪನೆ ಅಂದ್ರೆ ಚಿತ್ರ ಮಾತ್ರಾನೇ ಅಂತ ಯಾರು ಹೇಳಿದ್ದು? ದಿಕ್ಕು, ಭಾರ, ಬಿಸಿ, ಶಬ್ದ, ಇವನ್ನೂ ಊಹಿಸ್ಕೋಬಹುದು. "ಬೆನ್ನು ಕಮಲದ ದಂಟಿನ ಹಾಗೆ" ಅಂದಾಗ ದಂಟು ಕಾಣದಿದ್ರೆ ಬಿಡಿ, "ಕೆಳಗಿಂದ ಮೇಲಕ್ಕೆ" ಅಂತ ದಿಕ್ಕು ಮಾತ್ರ ಹಿಡ್ಕೊಳ್ಳಿ. ಸ್ಪಷ್ಟ ಚಿತ್ರ ಕಾಣೋರಿಗಿಂತ ಇವರೇ ಬೇಗ ಮೈಗೆ ಇಳೀತಾರೆ ಅಂತ ನನ್ನ ಅನುಮಾನ, ಯಾಕಂದ್ರೆ ಮಧ್ಯೆ ನೋಡ್ತಾ ಕೂರೋಕೆ ಸಿನಿಮಾ ಇರಲ್ಲ.

"ಉಸಿರನ್ನ ಮಂಡಿಗೆ ಕಳ್ಸಿ" ಅಂತಾರೆ, ಗಾಳಿ ಶ್ವಾಸಕೋಶ ಬಿಟ್ಟು ಎಲ್ಲೂ ಹೋಗಲ್ಲ, ಇದು ಸುಳ್ಳಲ್ವಾ?

ಅಕ್ಷರಶಃ ಸುಳ್ಳೇ. ಆದ್ರೆ ಎರಡು ಥರದ ಸುಳ್ಳನ್ನ ಬೇರೆ ಮಾಡಿ ನೋಡ್ಬೇಕು. "ಸೊಂಟದ ಹಿಂಭಾಗಕ್ಕೆ ಉಸಿರು ತುಂಬಿ" ಅಂದಾಗ ಗಾಳಿ ಅಲ್ಲಿಗೆ ಹೋಗಲ್ಲ, ಆದ್ರೆ ವಪೆ (ಡಯಾಫ್ರಮ್, ಉಸಿರಾಟದ ಸ್ನಾಯು) ಕೆಳಗಿಳಿದು ಹೊಟ್ಟೆಯೊಳಗಿನದ್ದನ್ನೆಲ್ಲ ಒತ್ತುತ್ತಲ್ಲ, ಆ ಒತ್ತಡ ಮುಂದಕ್ಕಷ್ಟೇ ಅಲ್ಲ, ಪಕ್ಕಕ್ಕೆ, ಹಿಂದಕ್ಕೂ ಹೋಗುತ್ತೆ, ಹಿಂದಿನ ಪಕ್ಕೆಲುಬು ಹರಡುತ್ತೆ. ಬಾಲಾಸನದಲ್ಲಿ ಸೊಂಟದ ಮೇಲೆ ಯಾರಾದ್ರೂ ಅಂಗೈ ಇಟ್ರೆ ಅದು ಏರಿಳಿಯೋದು ಅವರಿಗೇ ಗೊತ್ತಾಗುತ್ತೆ. ಮಂಡಿ ವಿಷ್ಯ ಹಾಗಲ್ಲ, ಅಲ್ಲಿ ಏನೂ ಉಬ್ಬಲ್ಲ. ಅಲ್ಲಿ ಆಗೋದು ಇಷ್ಟು: ಗಮನ ಅಲ್ಲಿಗೆ ಹೋಗುತ್ತೆ, ಉಸಿರು ಬಿಡೋದು ನಿಧಾನ ಆಗುತ್ತೆ, ಸುತ್ತ ಹಿಡ್ಕೊಂಡಿದ್ದ ಬಿಗಿತ ಬಿಡುತ್ತೆ. ಕೆಲಸ ಆಗುತ್ತೆ, ಕಾರಣ ಬೇರೆ. ಟೀಚರ್ ಅದನ್ನ ಅಂಗರಚನೆ ಅಂತ ಹೇಳ್ದಾಗ ಮಾತ್ರ ನಂಗೆ ಕಿರಿಕಿರಿ.

## ಸ್ವಲ್ಪ ಕಾಲ ಮಾಡಿದವರು ಕೇಳೋವು

ಎಲ್ರೂ ನನ್ನನ್ನೇ ನೋಡ್ತಿದಾರೆ ಅನ್ಸುತ್ತೆ, ಇದೂ ಒಂಥರಾ ಸ್ವಅರಿವೇ ಅಲ್ವಾ?

ಇದು ಬೇರೆಯವರ ಕಣ್ಣಲ್ಲಿ ನೀವು ಹೇಗೆ ಕಾಣ್ತೀರ ಅನ್ನೋ ಕಲ್ಪನೆ. ಅವರು ಅವರವರ ತೊಡೆ ನೋವಲ್ಲಿ ಮುಳುಗಿರ್ತಾರೆ. ಆ ಕ್ಷಣ ಅಂಗಾಲಿಗೆ ಗಮನ ತಂದ್ರೆ ಸಾಕು, ಎರಡೂ ಒಟ್ಟಿಗೆ ನಿಲ್ಲೋದು ಕಷ್ಟ.

ಕೈ ನೇರ ಇದೆ ಅಂತ ನಂಗೆ ಗ್ಯಾರಂಟಿ, ಆದ್ರೂ ಸೊಟ್ಟ ಅಂತಾರೆ. ಯಾರನ್ನ ನಂಬೋದು?

ನಾನು ಎಷ್ಟೋ ವರ್ಷ ವೀರಭದ್ರಾಸನದ ಎರಡನೇ ರೂಪ, ಒಂದು ಕೈ ಮುಂದೆ ಒಂದು ಕೈ ಹಿಂದೆ ಚಾಚಿ ನಿಲ್ಲೋದು, ಚೆನ್ನಾಗಿ ಮಾಡ್ತೀನಿ ಅಂತ ನಂಬಿದ್ದೆ. ಒಂದಿನ ಸ್ನೇಹಿತರೊಬ್ರು ವಿಡಿಯೋ ಮಾಡಿ ತೋರ್ಸಿದ್ರು, ಮುಂದಿನ ಕೈ ಟೀಕಾಗಿ ನೇರ ಇದೆ, ಹಿಂದಿನ ಕೈ ಮಾತ್ರ ನೆನೆದ ಬಟ್ಟೆ ಥರ ಜೋತಾಡ್ತಿದೆ. ನಂಬೋಕೇ ಆಗ್ಲಿಲ್ಲ. ಮತ್ತೆ ನಿಂತು ಅವರು ಹೇಳಿದಷ್ಟು ಎತ್ತಿದ್ರೆ ಕೈ ಆಕಾಶಕ್ಕೆ ಹೋಗ್ತಿದೆ ಅನ್ನಿಸ್ತು, ವಿಡಿಯೋದಲ್ಲಿ ನೋಡಿದ್ರೆ ಆಗ ನೆಲಕ್ಕೆ ಸಮ. ಅಂದ್ರೆ ನನ್ನೊಳಗಿನ "ನೇರ" ಅನ್ನೋ ಅಳತೇನೇ ಸೊಟ್ಟ. ಮುಂದಿನ ಕೈ ಕಣ್ಣಿಗೆ ಕಾಣುತ್ತೆ, ಹಿಂದಿನದು ಕಾಣಲ್ಲ, ಕಾಣದಿರೋದನ್ನ ಮಿದುಳು ತನ್ನ ಹಳೇ ಅಂದಾಜಲ್ಲೇ ತುಂಬ್ಕೊಳ್ಳುತ್ತೆ.

ಹಾಗಾಗಿ ಒಳಗಿನ ಅನುಭವ ಯಾವಾಗ್ಲೂ ಸರಿ ಅಂತ ತಿಳ್ಕೊಬೇಡಿ, ಅದನ್ನೂ ತಿದ್ದಿ ಪಳಗಿಸ್ಬೇಕು. ನಾನು ಮಾಡೋದು ಹೀಗೆ: ಮೊದಲು ಕಣ್ಮುಚ್ಚಿ ಜಾಗಕ್ಕೆ ಬರೋದು, ಎಲ್ಲಿದೆ ಅಂತ ಮನಸ್ಸಲ್ಲೇ ಹೇಳ್ಕೊಳ್ಳೋದು, ಆಮೇಲೆ ಕಣ್ಬಿಟ್ಟು ಕನ್ನಡಿ ನೋಡೋದು, ತಿದ್ದೋದು, ತಿದ್ದಿದ ಜಾಗ ಒಳಗಿಂದ ಹೇಗನ್ಸುತ್ತೆ ಅಂತ ಮತ್ತೆ ಕಣ್ಮುಚ್ಚಿ ಓದೋದು. ಕನ್ನಡಿಯನ್ನೇ ನೋಡ್ತಾ ಆಸನ ಮಾಡಿದ್ರೆ ಮಾತ್ರ ಈ ಪಾಠ ಆಗಲ್ಲ, ಕಣ್ಣೇ ಎಲ್ಲ ಕೆಲಸ ಮಾಡಿಬಿಡುತ್ತೆ.

ಮನಸ್ಸಲ್ಲೇ ಸೂರ್ಯನಮಸ್ಕಾರ ಹಾಕಿದ್ರೆ ಏನಾದ್ರೂ ಲಾಭ ಇದ್ಯಾ, ಕಾಲು ಪೆಟ್ಟಾಗಿ ಮಲಗಿದೀನಿ

ಇದೆ, ಆದ್ರೆ ಎಲ್ಲ ಲಾಭ ಅಲ್ಲ. ಚಲನೆಯನ್ನ ಊಹಿಸುವಾಗ ಮಿದುಳಿನಲ್ಲಿ ಚಲನೆಗೆ ತಯಾರಿ ಮಾಡೋ ಭಾಗಗಳು ನಿಜವಾಗಿ ಚಲಿಸುವಾಗಿನ ಹಾಗೇ ಬಹುಪಾಲು ಕೆಲಸ ಮಾಡ್ತಾವೆ, ಕ್ರೀಡಾಪಟುಗಳು, ಸ್ಟ್ರೋಕ್ ಆದವರಿಗೆ ಫಿಸಿಯೋಥೆರಪಿ ಮಾಡಿಸೋರು ಇದನ್ನ ಬಳಸ್ತಾರೆ. ಅನುಕ್ರಮ ಮರೆಯಲ್ಲ, ವಾಪಸ್ ಬಂದಾಗ ಮೈ ಬೇಗ ಹೊಂದ್ಕೊಳ್ಳುತ್ತೆ. ಸ್ನಾಯು ಉದ್ದ ಆಗೋದು, ಬೆವರು, ಹೃದಯಕ್ಕೆ ವ್ಯಾಯಾಮ, ಇದೆಲ್ಲ ಮಲಗಿದಲ್ಲೇ ಸಿಗಲ್ಲ.

ಒಂದು ಪರೀಕ್ಷೆ ಹೇಳ್ತೀನಿ, ಕಾಲು ಸರಿ ಇರೋರೂ ಮಾಡಿ. ಊಹಿಸಿದ ಚಲನೆಗೆ ಹೆಚ್ಚುಕಮ್ಮಿ ನಿಜವಾದ ಚಲನೆಯಷ್ಟೇ ಸಮಯ ಹಿಡಿಯುತ್ತೆ, ಇದು ಪ್ರಯೋಗಗಳಲ್ಲಿ ಕಂಡಿರೋ ವಿಷ್ಯ. ಹಾಗಾಗಿ ಉಸಿರಿನ ಜೊತೆ, ಒಳಗಿಂದ, 12 ಹೆಜ್ಜೆಯ ಒಂದು ಸುತ್ತು ಮನಸ್ಸಲ್ಲೇ ಮಾಡಿ. ಅಂಗೈಗೆ ಮ್ಯಾಟ್ ತಾಗೋದು, ಬಲಗಾಲು ಹಿಂದೆ ಹೋಗೋದು, ಬೆರಳು ಮಡಚ್ಕೊಳ್ಳೋದು. ಎಲ್ಲೋ ಒಂದ್ಕಡೆ ಸಿನಿಮಾ ಹಾರುತ್ತೆ. ನಂಗೆ ಹಾರೋದು ಪರ್ವತಾಸನದಿಂದ ಕಾಲು ಮುಂದೆ ತರೋ ಕಡೆ, ಕಾಲು ಹಿಂದೆ ಇತ್ತು, ಇದ್ದಕ್ಕಿದ್ದ ಹಾಗೆ ಕೈ ಮಧ್ಯೆ ಬಂದಿರುತ್ತೆ, ಹೇಗೆ ಬಂತು ಅಂತ ಗೊತ್ತಿಲ್ಲ. ಮ್ಯಾಟ್ ಮೇಲೆ ನೋಡಿದ್ರೆ ಅಲ್ಲೇ ನಾನು ಉಸಿರು ಹಿಡ್ಕೊಂಡು ಕಾಲನ್ನ ಎಸೀತಿದ್ದೆ.

ಫೋಟೋದಲ್ಲಿರೋ ಭಂಗಿನ ಮನಸ್ಸಲ್ಲಿ ಇಟ್ಕೊಂಡು ಮಾಡ್ತೀನಿ, ತಪ್ಪಾ?

ಭಂಗಿ ಕಲಿಯೋಕೆ ನೋಡಿ, ಮಾಡುವಾಗ ಪಕ್ಕಕ್ಕಿಡಿ. ಒಂದ್ಸಲ, ಕಾಲು ಚಾಚಿ ಕೂತು ಮುಂದೆ ಬಗ್ಗೋ ಪಶ್ಚಿಮೋತ್ತಾನಾಸನದಲ್ಲಿ ಹಣೆ ಮೊಣಕಾಲಿಗೆ ತಾಗಿರೋ ಫೋಟೋ ನನ್ನ ತಲೇಲಿ ಕೂತ್ಬಿಟ್ಟಿತ್ತು, ಇನ್ನೆರಡು ಇಂಚು ಅಷ್ಟೆ ಅಂತ. ತೊಡೆ ಹಿಂದೆ ಮೇಲ್ಗಡೆ, ಕೂರೋ ಮೂಳೆಗೆ ಹ್ಯಾಮ್‌ಸ್ಟ್ರಿಂಗ್ ಅಂಟಿರೋ ಜಾಗದಲ್ಲಿ ಚುಚ್ಚಿದ ಹಾಗಾಯ್ತು, ಗೊತ್ತೂ ಆಯ್ತು, ಆದ್ರೆ ನಾನು ಆಗ ಕೇಳಿಸ್ಕೊಳ್ತಾ ಇದ್ದಿದ್ದು ಮೈನ ಮಾತಲ್ಲ, ಫೋಟೋದ ಮಾತು. ಆಮೇಲೆ ತಿಂಗಳುಗಟ್ಲೆ ಕುರ್ಚಿ ಮೇಲೆ ಕೂತ್ರೂ ನೋವು. ಚುಚ್ಚೋ ನೋವು, ಜೋಮು, ಕರೆಂಟ್ ಹೊಡೆದ ಹಾಗನ್ಸೋದು, ಇವು ಬಂದ್ರೆ ಯಾವ ಕಲ್ಪನೆಯಿಂದಾನೂ ಕರಗಿಸೋಕೆ ಹೋಗ್ಬೇಡಿ, ಹೊರಗೆ ಬನ್ನಿ.

ಶವಾಸನದಲ್ಲಿ ಕೈಗಳು ಮಾಯ ಆಗ್ತಾವೆ, ಮೈ ದೊಡ್ಡದಾದ ಹಾಗೆ ಅನ್ಸುತ್ತೆ, ಆತ್ಮ ಹೊರಗೆ ಹೋಗ್ತಿದ್ಯಾ?

ಕಟ್ಟಿದ ವಾಚು ಸ್ವಲ್ಪ ಹೊತ್ತಾದ್ಮೇಲೆ ಗೊತ್ತೇ ಆಗಲ್ವಲ್ಲ, ಹಾಗೆ. ಬದಲಾಗದ ಸ್ಪರ್ಶಕ್ಕೆ ಸಂವೇದಕಗಳು ಒಗ್ಗಿ ಸುದ್ದಿ ಕಳ್ಸೋದು ಕಮ್ಮಿ ಮಾಡ್ತಾವೆ, ಕೈ ಅಲ್ಲಾಡಿಸದಿದ್ರೆ ಮಿದುಳಿಗೆ ಕೈನ ಅಂಚು ಎಲ್ಲಿ ಮುಗೀತು ಅನ್ನೋದೇ ಮಸುಕಾಗುತ್ತೆ. ಒಂದು ಬೆರಳು ಅಲ್ಲಾಡ್ಸಿ, ಇಡೀ ಕೈ ವಾಪಸ್ ಬರುತ್ತೆ. ನಮ್ಮ ದೇಹದ ಆಕಾರ ಅಂತ ನಾವಂದ್ಕೊಂಡಿರೋದು ಕ್ಷಣಕ್ಷಣ ಕಟ್ತಾ ಇರೋ ಅಂದಾಜು ಅಂತ ಇಷ್ಟು ಸುಲಭವಾಗಿ ತೋರ್ಸೋ ಆಸನ ಇನ್ನೊಂದಿಲ್ಲ. ಹಠಯೋಗದ ಹಳೇ ಗ್ರಂಥ ಹಠಯೋಗ ಪ್ರದೀಪಿಕೆ ಇದರ ಬಗ್ಗೆ ಹೇಳೋದು ಬಹಳ ಸರಳ: ಹೆಣದ ಹಾಗೆ ನೆಲದ ಮೇಲೆ ಅಂಗಾತ ಮಲಗೋದು, ಆಯಾಸ ಕಳೆಯುತ್ತೆ, ಚಿತ್ತಕ್ಕೆ ವಿಶ್ರಾಂತಿ ಕೊಡುತ್ತೆ. ಆತ್ಮ ಹೊರಗೆ ಹೋಗೋ ವಿಷ್ಯ ಅದರಲ್ಲಿಲ್ಲ.

ಯೋಗನಿದ್ರೆಯಲ್ಲಿ ಬಲಗೈ ಹೆಬ್ಬೆರಳು ದಾಟೋದ್ರೊಳಗೆ ಗೊರಕೆ ಹೊಡೀತೀನಿ

ನಿದ್ದೆ ಬೇಕಾಗಿದೆ, ಮಲ್ಕೊಳ್ಳಿ. ಎಚ್ಚರ ಇರೋದೇ ಉದ್ದೇಶ ಆಗಿದ್ರೆ ಮೊಣಕೈ ಮಡಚಿ ಮುಂಗೈ ನೆಟ್ಟಗೆ ನಿಲ್ಸಿ, ತೂಕಡಿಸಿದ್ರೆ ಕೈ ಬಿದ್ದು ಎಬ್ಬಿಸುತ್ತೆ. ಒಂದೊಂದೇ ಅಂಗಕ್ಕೆ ಗಮನ ತಿರುಗಿಸೋ ಈ ಕ್ರಮವನ್ನ ಸ್ವಾಮಿ ಸತ್ಯಾನಂದ ಸರಸ್ವತಿಯವರು ತಾಂತ್ರಿಕ ನ್ಯಾಸದಿಂದ ತಗೊಂಡು ಕಟ್ಟಿದ್ದು. ನ್ಯಾಸದಲ್ಲಿ ಅಂಗ ಮುಟ್ಟಿ ಮಂತ್ರ ಇಡ್ತಾರೆ, ಇಲ್ಲಿ ಮುಟ್ಟೋದು ಗಮನ ಮಾತ್ರ.

ಕಣ್ಮುಚ್ಚಿ ಮೈ ಗಮನಿಸಿ ಅಂದ್ರೆ ಎದೆ ಬಡಿತ ಜೋರಾಗಿ ಗಾಬರಿ ಆಗುತ್ತೆ

ಕಣ್ಬಿಟ್ಟೇ ಮಾಡಿ. ಎಲ್ರಿಗೂ ಒಳಗೆ ನೋಡೋದು ಹಿತ ಆಗಿರಲ್ಲ, ಹಿಂದೆ ಕೆಟ್ಟ ಅನುಭವ ಆಗಿರೋರಿಗೆ, ಪ್ಯಾನಿಕ್ ಇರೋರಿಗೆ ಎದೆ ಹೊಟ್ಟೆ ಕಡೆ ಗಮನ ಹೋದ್ರೇನೇ ಭಯ ಏಳಬಹುದು. ಅಂಗೈ ಅಂಗಾಲು ನೆಲಕ್ಕೆ ತಾಗಿರೋ ಜಾಗದಲ್ಲಿ ಗಮನ ಇಡಿ, ನಿಂತು ಮಾಡೋ ಆಸನ ಹೆಚ್ಚು ಮಾಡಿ. ತಾನು ತಾನಲ್ಲ, ಸುತ್ತಮುತ್ತಲಿನದು ನಿಜ ಅಲ್ಲ ಅನ್ನೋ ಥರ ಅಭ್ಯಾಸ ಮುಗಿದ್ಮೇಲೂ ಉಳಿದ್ರೆ ಅಭ್ಯಾಸ ನಿಲ್ಸಿ ಡಾಕ್ಟರ್ ನೋಡಿ, ಅದು ಸಾಧನೆಯ ಗುರುತು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

## ಒಳಗೆ ಇಳಿದವರು ಕೇಳೋವು

ಚಕ್ರದ ಬಣ್ಣ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಸರಿ ಯಾವುದು?

ಚಕ್ರ ಅಂದ್ರೆ ಬೆನ್ನಿನುದ್ದಕ್ಕೂ ಇವೆ ಅಂತ ಧ್ಯಾನಿಸೋ ಕೇಂದ್ರಗಳು. ಕೆಳಗಿನ ಮೂಲಾಧಾರ ಕೆಂಪು, ಅಲ್ಲಿಂದ ನೇರಳೆವರೆಗೆ ಕಾಮನಬಿಲ್ಲಿನ ಸಾಲು ಇದ್ಯಲ್ಲ, ಅದು 20ನೇ ಶತಮಾನದ್ದು. ಪೂರ್ಣಾನಂದರ ಷಟ್ಚಕ್ರನಿರೂಪಣ 1577ರದ್ದು, ಅದರಲ್ಲಿ ಮಣಿಪೂರದ, ಅಂದ್ರೆ ಹೊಕ್ಕುಳ ಹತ್ರದ ಚಕ್ರದ, ಹತ್ತು ದಳ ಮಳೆಮೋಡದ ಬಣ್ಣ, ಈಗಿನ ಪೋಸ್ಟರ್‌ಗಳಲ್ಲಿ ಅದು ಹಳದಿ. ಬೇರೆ ತಂತ್ರಗಳಲ್ಲಿ ಚಕ್ರದ ಸಂಖ್ಯೇನೇ ಬೇರೆ. ಇದನ್ನ ಕೇಳಿ ಕೆಲವರಿಗೆ ಬೇಜಾರಾಗುತ್ತೆ, ನಂಗಂತೂ ನಿರಾಳ ಆಯ್ತು. ಹಳೇ ಗ್ರಂಥಗಳ ಕ್ರಿಯಾಪದ ನೋಡಿ, ಧ್ಯಾಯೇತ್, ಚಿಂತಯೇತ್, ಭಾವಯೇತ್. ಧ್ಯಾನಿಸಬೇಕು, ಭಾವಿಸಬೇಕು ಅಂತ. "ಹೊಕ್ಕುಳ ಹತ್ರ ಹತ್ತು ದಳ ಇದೆ, ಕೊಯ್ದು ನೋಡ್ಕೋ" ಅಂತಲ್ಲ, "ಹೀಗೆ ಭಾವಿಸು" ಅಂತ. ನಮ್ಮ ಕನ್ನಡದ "ಭಾವಿಸು"ನಲ್ಲೂ ಅಂದ್ಕೊಳ್ಳೋದು, ಅನುಭವಿಸೋದು ಎರಡೂ ಕೂಡ್ಕೊಂಡಿದೆ. ಒಂದು ಪರಂಪರೆ ಹಿಡಿದ್ರೆ ಅದರ ಬಣ್ಣವನ್ನೇ ಹಿಡೀರಿ, ನಕ್ಷೆ ಬೆರೆಸಬೇಡಿ.

ಅಂಗೈಯಲ್ಲಿ ಬಿಸಿ, ಬೆನ್ನಲ್ಲಿ ಏನೋ ಹರಿದ ಹಾಗೆ ಆಗುತ್ತೆ. ನಿಜಾನಾ, ನಾನೇ ಕಲ್ಪಿಸ್ಕೊಂಡಿದ್ದಾ?

ಎರಡೂ ಇರಬಹುದು. ಈಗಲೇ ಎಡ ಅಂಗೈಗೆ ಒಂದು ನಿಮಿಷ ಗಮನ ಕೊಡಿ, ಚುಮುಚುಮು ಶುರುವಾಗುತ್ತೆ, ಅಂಗೈ ಅದೇ, ಗಮನ ಅಲ್ಲಿದ್ದ ಸಣ್ಣ ಸದ್ದನ್ನ ದೊಡ್ಡದು ಮಾಡಿತು. ನಾನು ನೋಡೋದು ಒಂದೇ: ಅದು ನನ್ನನ್ನ ಆಶ್ಚರ್ಯ ಪಡಿಸ್ತಾ? ಬಲಕ್ಕೆ ಬರುತ್ತೆ ಅಂದ್ಕೊಂಡಿದ್ದು ಎಡಕ್ಕೆ ಬಂತು, ಪುಸ್ತಕದಲ್ಲಿ ಮೇಲಕ್ಕೆ ಹೋಗುತ್ತೆ ಅಂತಿತ್ತು ನಂಗೆ ಪಕ್ಕೆಯಲ್ಲೇ ನಿಂತಿತು, ಹೀಗಿದ್ರೆ ಮೈ ಮಾತಾಡ್ತಿದೆ ಅಂತ ಲೆಕ್ಕ. ಓದಿದ್ದು ಓದಿದ ಹಾಗೇ, ಓದಿದ ಮಾರನೇ ದಿನಾನೇ ಆದ್ರೆ ಸ್ವಲ್ಪ ನಗು ಬರುತ್ತೆ.

"ಸಾಕ್ಷಿಯಾಗಿ ನೋಡಿ" ಅಂತಾರೆ, ನಾನು ಸೀಲಿಂಗ್‌ನಿಂದ ನನ್ನನ್ನೇ ಕ್ಯಾಮೆರಾದಲ್ಲಿ ನೋಡೋ ಥರ ಆಗುತ್ತೆ

ಆ ಕ್ಯಾಮೆರಾನೂ ನೀವೇ ಕಟ್ಟಿದ ಚಿತ್ರ. ಪಾಪ, ಸಾಕ್ಷಿ ಅನ್ನೋ ಪದವೇ ಹಾಗೆ, ದೂರ ನಿಂತು ನೋಡೋ ಒಬ್ಬರು ಬೇಕು ಅನ್ಸುತ್ತೆ. ಸೀಲಿಂಗ್‌ನಿಂದ ನೋಡಿದ್ರೆ ಬೆನ್ನಿನ ಆಕಾರ ಕಾಣುತ್ತೆ, ಬೆನ್ನಿನ ಬಿಸಿ ಗೊತ್ತಾಗುತ್ತಾ? ಮೂಗಿನ ಹೊಳ್ಳೆ ಅಂಚಲ್ಲಿ ಒಳಗೆ ಹೋಗೋ ಗಾಳಿ ತಣ್ಣಗೆ, ಹೊರಬರೋದು ಬೆಚ್ಚಗೆ, ಆ ವ್ಯತ್ಯಾಸ ಹಿಡೀರಿ. ಅದು ಗೊತ್ತಾಗೋಕೆ ದೂರ ಹೋಗ್ಬೇಕಿಲ್ಲ. ಕ್ಯಾಮೆರಾ ಬಂದಾಗ "ಇದನ್ನೂ ಈಗ ನೋಡ್ತಿರೋದು ಯಾರು" ಅಂತ ಹಿಂದೆ ಹಿಂದೆ ಹೋಗೋ ಆಟ ಇದ್ಯಲ್ಲ, ಮಜಾ ಇದೆ, ಆದ್ರೆ ಆಸನದ ಮಧ್ಯೆ ಬೇಡ, ಬೀಳ್ತೀರ.

ಘೇರಂಡ ಸಂಹಿತೆಯ ಧ್ಯಾನದಲ್ಲಿ ಯಾಕಷ್ಟು ವಿವರ? ತೋಟ, ಕೋಗಿಲೆ, ಮಂಟಪ ಎಲ್ಲ ಬೇಕಾ?

ಇದೂ ಹಠಯೋಗದ ಹಳೇ ಗ್ರಂಥ, ನೀವು ಕೇಳ್ತಿರೋದು ಆರನೇ ಅಧ್ಯಾಯದ ಸ್ಥೂಲ ಧ್ಯಾನ, ಅಂದ್ರೆ ರೂಪ ಇರೋದನ್ನ ಧ್ಯಾನಿಸೋದು. ಹೃದಯದಲ್ಲಿ ಅಮೃತದ ಸಮುದ್ರ, ಅದರ ಮಧ್ಯೆ ರತ್ನದ್ವೀಪ, ಅದರ ಮರಳೂ ರತ್ನವೇ, ಸುತ್ತ ಕದಂಬ ಮರಗಳು, ನಡುವೆ ನಾಲ್ಕು ವೇದಗಳೇ ನಾಲ್ಕು ಕೊಂಬೆಯಾಗಿರೋ ಕಲ್ಪವೃಕ್ಷ, ದುಂಬಿ, ಕೋಗಿಲೆ, ಮಾಣಿಕ್ಯದ ಮಂಟಪ, ಅದರೊಳಗೆ ಇಷ್ಟದೇವತೆ. ಓಡೋ ಮನಸ್ಸಿಗೆ ಓಡಾಡೋಕೇ ಒಂದು ಊರು ಕಟ್ಕೊಟ್ಟಿದಾರೆ ಅಂತ ನಂಗನ್ಸುತ್ತೆ, ಹೊರಗೆ ಹೋಗೋ ಬದಲು ಇಲ್ಲೇ ಸುತ್ತಾಡ್ಲಿ ಅಂತ. ಸಮುದ್ರದಿಂದ ದ್ವೀಪಕ್ಕೆ, ದ್ವೀಪದಿಂದ ಮರಕ್ಕೆ, ಮರದಿಂದ ಮಂಟಪಕ್ಕೆ, ಪ್ರತಿ ಹೆಜ್ಜೆಗೂ ಜಾಗ ಚಿಕ್ಕದಾಗ್ತಾ ಬರೋದನ್ನ ಗಮನಿಸಿ. ಆಮೇಲೆ ಅದೇ ಗ್ರಂಥ ಇದಕ್ಕಿಂತ ತೇಜೋಧ್ಯಾನ (ಬೆಳಕಿನ ಧ್ಯಾನ) ನೂರು ಪಟ್ಟು ಮೇಲು, ಅದಕ್ಕಿಂತ ಸೂಕ್ಷ್ಮಧ್ಯಾನ ಲಕ್ಷ ಪಟ್ಟು ಮೇಲು ಅನ್ನುತ್ತೆ. ಇಷ್ಟು ಚೆಂದದ ತೋಟ ಬೆಳೆಸಿ ಅದನ್ನ ಬಿಟ್ಟು ಬರೀ ಬೆಳಕಿಗೆ, ಅಲ್ಲಿಂದ ಇನ್ನೂ ಸೂಕ್ಷ್ಮಕ್ಕೆ ಹೋಗ್ತಾರೆ. ತೋಟ ಬೇಡ ಅನ್ಸಿದ್ರೆ ಬೆಳಕಿಂದಾನೇ ಶುರು ಮಾಡಿ ನೋಡಿ, ಎಷ್ಟು ಹೊತ್ತು ನಿಲ್ಲುತ್ತೆ ಅಂತ ಗೊತ್ತಾಗುತ್ತೆ.

ಪ್ರದೀಪಿಕೆ ಕೊನೆಗೆ ಎಲ್ಲ ಚಿಂತನೆಯನ್ನೂ ಬಿಡು ಅನ್ನುತ್ತೆ. ಹಾಗಾದ್ರೆ ಇಷ್ಟು ದಿನ ಕಲ್ಪನೆ ಮಾಡಿದ್ದು ದಂಡನಾ?

ಹಠಯೋಗ ಪ್ರದೀಪಿಕೆ ಬರೆದ ಸ್ವಾತ್ಮಾರಾಮರು ಇದನ್ನ ಹೇಳೋ ಜಾಗ ನೋಡಿ, ನಾಲ್ಕನೇ ಉಪದೇಶ, ಅಂದ್ರೆ ಕೊನೇ ಅಧ್ಯಾಯ. ಮೊದಲನೇದರಲ್ಲಿ ಆಸನ, ಎರಡನೇದರಲ್ಲಿ ಪ್ರಾಣಾಯಾಮ ಮತ್ತು ಮೈ ಶುದ್ಧಿಯ ಷಟ್ಕರ್ಮ, ಮೂರನೇದರಲ್ಲಿ ಮುದ್ರೆ, ಅಷ್ಟೆಲ್ಲ ಆದ್ಮೇಲೆ ಬರೋ ಮಾತಿದು. ಅದಕ್ಕೂ ಹಿಂದಿನ ಶ್ಲೋಕದಲ್ಲಿ ಅವರೇ ಕೊಡೋ ಹೋಲಿಕೆ ಇಡೀ ಗ್ರಂಥದಲ್ಲಿ ನಂಗೆ ಬಹಳ ಇಷ್ಟ: ಆಕಾಶದಲ್ಲಿರೋ ಮಡಕೆಯ ಹಾಗೆ ಒಳಗೂ ಖಾಲಿ ಹೊರಗೂ ಖಾಲಿ, ಸಮುದ್ರದಲ್ಲಿರೋ ಮಡಕೆಯ ಹಾಗೆ ಒಳಗೂ ತುಂಬಿದೆ ಹೊರಗೂ ತುಂಬಿದೆ. ಇದನ್ನ ಕೊಟ್ಟ ಮರುಕ್ಷಣಾನೇ, ಹೊರಗಿನ ಚಿಂತೆಯೂ ಬೇಡ, ಒಳಗಿನ ಚಿಂತೆಯೂ ಬೇಡ ಅಂತ ಕೈ ತೊಳ್ಕೊಳ್ತಾರೆ. ಮಡಕೆ ಸಿಕ್ಕಿದ್ಮೇಲೇನೇ ಬಿಡೋ ಮಾತು ಬಂದಿದ್ದು. ಕುಳಿತು ಕೊನೆಗೆ ಐದು ನಿಮಿಷ ನಾನು ಇದನ್ನ ಪ್ರಯತ್ನಿಸ್ತೀನಿ, ಖಾಲಿ ಅನ್ನೋದು ಒಂದೆರಡು ಉಸಿರು ಬರುತ್ತೆ, ಸಮುದ್ರಾನೂ ಬರುತ್ತೆ, ಮಡಕೆ ಮಾತ್ರ ಹೋಗಲ್ಲ, ಅದೂ ಬಾಯಿ ಹತ್ರ ಸ್ವಲ್ಪ ಒಡೆದಿರೋ ಮಡಕೆ.